ಮಡ್ಡಿಯ ಹುಲ್ಲಿಗೆ ಏನಾಯಿತು?

ವಿಜಯಪುರದಿಂದ ಸೊಲ್ಲಾಪುರದ ಹಾದಿ ಹಿಡಿದರೆ ಹೊರ್ತಿ ಸುತ್ತಮುತ್ತ ಲಿಂಬೆ ತೋಟಗಳು ಕಾಣುತ್ತವೆ. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ತೋಟದ ಬಗ್ಗೆ ನಮ್ಮ ತಕರಾರೇನಿಲ್ಲ. ಈ ಬರಹ ಕಲ್ಲು ಗರಸಿನ ಮಡ್ಡಿಯ ಬಗ್ಗೆ.

ಹಿಂದೆ ಮಡ್ಡಿಗೆ ನೇಗಿಲು ಹೋಗುವುದು ಕಡಿಮೆ. ಗೇಣು ಮಣ್ಣಿಲ್ಲದ ಕಡೆ ಬಿತ್ತಿ ಬೆಳೆಯುವುದೇನು? ಅದು ಖಿಲಾರಿ ದನಗಳ, ಕುರಿಗಳ ಜಾಗ. ಮಳೆ ಬಿದ್ದೊಡನೆ ಹಳೆ ಬುಡದಿಂದಲೇ ಚಿಗುರುವ ಎತ್ತರದ ಹುಲ್ಲು, ಧೋತರಕ್ಕೆ ಚುಚ್ಚುವ ಊಬಿನ ಹುಲ್ಲು, ತಗ್ಗಿನಲ್ಲಿ ಕರಕಿ, ನಡುನಡುವೆ ನೆಲಕ್ಕಂಟಿದ ವಿಷ್ಣುಕ್ರಾಂತಿ, ತುಂಬಿ, ಕಾಳಿನ ಜಾತಿಯ ಸಣ್ಣ ಬಳ್ಳಿಗಳು. 1973ರಲ್ಲಿ ದಬಡ್‌ಘಾವ್ ಮತ್ತು ಶಂಕರನಾರಾಯಣ ಎಂಬ ವಿಜ್ಞಾನಿಗಳು ದೇಶದ ಹುಲ್ಲುಗಾವಲುಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ನಮ್ಮ ದಖ್ಖನ್ ಬಯಲು ಸೇರಿದ್ದು ಸೆಹಿಮಾ-ಡೈಕಾಂಥಿಯಂ ಬಗೆಗೆ. ಎರಡೂ ಹಲವು ವರ್ಷ ಬಾಳುವ ಹುಲ್ಲುಗಳ ಹೆಸರು.

ಬ್ರಿಟಿಷರ ಸರ್ವೆ ಬಂದಾಗ ಕಂದಾಯ ಬಾರದ ನೆಲ 'ಖರಾಬ' ಆಯಿತು. ಆ ಹುಲ್ಲು ತಿಂದ ಎತ್ತೇ ಹೊಲದಲ್ಲಿ ಕಂದಾಯ ದುಡಿದು ಕೊಡುತ್ತಿತ್ತು, ಅದು ಲೆಕ್ಕಕ್ಕೆ ಸಿಗಲಿಲ್ಲ. ಆದರೂ 1879ರ ಮುಂಬಯಿ ಭೂಕಂದಾಯ ಕಾಯ್ದೆ ಊರ ದನಗಳಿಗೆ ಪುಕ್ಕಟೆ ಮೇವಿನ ಜಾಗ ಬಿಡಲು ದಾರಿ ಮಾಡಿತು. ನಾವು ಗಾಯರಾಣ ಎನ್ನುವುದು ಇಂಥ ಜಾಗವನ್ನೇ. 1964ರ ಕರ್ನಾಟಕ ಕಾಯ್ದೆಯಲ್ಲೂ ಅದು ಉಳಿಯಿತು. 1966ರ ನಿಯಮಗಳಲ್ಲಿ 100 ದನಕ್ಕೆ 30 ಎಕರೆ ಎಂಬ ಲೆಕ್ಕ ಇದೆ. ಆಮೇಲೆ ಬಂದವು ಬಗರ್‌ಹುಕುಂ ಅರ್ಜಿಗಳು: ನಮೂನೆ 50, 53, 57. ಭೂಮಿ ಇಲ್ಲದವರಿಗೆ ತುಂಡು ಹೊಲ ಸಿಕ್ಕಿದ್ದು ಸಣ್ಣ ಮಾತಲ್ಲ. ಅದೇ ನೆವದಲ್ಲಿ ಇದ್ದವರೂ ಬೇಲಿ ಹಾಕಿಕೊಂಡರು, ಅದನ್ನೂ ಹೇಳಬೇಕು.

ಮೇವಿನ ನೆಲ ಅರ್ಧವಾದರೆ ಅಷ್ಟೇ ದನ ಉಳಿದರ್ಧದ ಮೇಲೆ ಬೀಳುತ್ತವೆ. ಬೀಜ ಕಟ್ಟುವ ಮೊದಲೇ ಮತ್ತೆ ಮತ್ತೆ ಮೇಯ್ದರೆ ಹಳೆ ಹುಲ್ಲಿನ ಬೇರು ಸೊರಗುತ್ತದೆ. ದನಕ್ಕೆ ರುಚಿಯಾದದ್ದೇ ಮೊದಲು ಹೋಗುವುದು. ಉಳಿಯುವುದು ಒಂದೇ ಮಳೆಗಾಲದ ಬಡಕಲು ಹುಲ್ಲು, ದನ ಮುಟ್ಟದ ತಂಗಡಿ, ನೆಗ್ಗಿಲಮುಳ್ಳು, ಕಾಂಗ್ರೆಸ್ ಕಸ. ಟ್ರ್ಯಾಕ್ಟರ್ ಒಮ್ಮೆ ಹೊಡೆದು ಪಾಳು ಬಿಟ್ಟರಂತೂ ಬುಡವೇ ಕಿತ್ತುಹೋಗುತ್ತದೆ. ಹಳೆ ಹುಲ್ಲು ಮರಳಲು ದಶಕಗಳೇ ಬೇಕು.

ಬಯಲು ಕಂಡಲ್ಲಿ ಗಿಡ ನೆಟ್ಟದ್ದೂ ಹುಲ್ಲಿಗೆ ಒಳ್ಳೆಯದಾಗಲಿಲ್ಲ. ಬಳ್ಳಾರಿ ಜಾಲಿಯ ಕಾಯಿ ಆಡು ತಿಂದು, ಬೀಜ ಹಿಕ್ಕೆಯಲ್ಲಿ ಬಿದ್ದು, ಜಾಲಿ ತಾನಾಗಿಯೇ ಹಬ್ಬಿತು. ಬಿಸಿಲು ಬೇಡುವ ಹುಲ್ಲು ಅದರ ಕೆಳಗೆ ಬಾಳದು.

ಹಾಗಾದರೆ ದನ, ಕುರಿಯನ್ನು ಪೂರ್ತಿ ಹೊರಗಿಡಬೇಕೇ? ಸೊಲ್ಲಾಪುರದಾಚೆ ನಾನ್ನಜದಲ್ಲಿ ಮಾಳಢೋಕ ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯ ಆಯಿತು. ಕಾವಲಿದ್ದ ತುಂಡುಗಳಲ್ಲಿ ಹುಲ್ಲು ಎದ್ದಿತು. ಆದರೆ ಅಲ್ಲೂ ಗ್ಲಿರಿಸಿಡಿಯಾ ನೆಟ್ಟರು, ಬಯಲು ಬೇಡುವ ಹಕ್ಕಿಗೆ ಅದು ಅಡ್ಡಿಯಾಯಿತು. ಇನ್ನೊಂದು ಸಂಗತಿ ಇದೆ: ಮೇಯುವವೇ ಇಲ್ಲದಿದ್ದರೆ ಎತ್ತರದ ಹುಲ್ಲೇ ಒತ್ತಾಗಿ, ಒಣಗಿದ್ದು ಮೇಲೆ ಕವಿದು, ಕೆಳಗಿನ ವಿಷ್ಣುಕ್ರಾಂತಿಯಂಥ ಸಸ್ಯಕ್ಕೆ ಬೆಳಕು ಸಿಗದು. ಕುರುಬರು ಮಳೆ ನೋಡಿ ಹಿಂಡು ಮುಂದೆ ಸಾಗಿಸುತ್ತಿದ್ದರು. ಬೀಜ ಉದುರಿದ ಮೇಲೆ ಹುಲ್ಲು ಕೊಯ್ಯುತ್ತಿದ್ದರು. ನೆಲಕ್ಕೆ ಬಿಡುವೂ ಸಿಗುತ್ತಿತ್ತು, ಬೆಳಕೂ ಸಿಗುತ್ತಿತ್ತು.

2011ರಲ್ಲಿ ಸುಪ್ರೀಂ ಕೋರ್ಟ್, ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಊರ ಸಾಮೂಹಿಕ ಜಾಗದ ಒತ್ತುವರಿ ತೆರವು ಮಾಡಲು ಎಲ್ಲ ರಾಜ್ಯಗಳಿಗೆ ಹೇಳಿತು. ನಿಮ್ಮೂರ ಗಾಯರಾಣ ಎಷ್ಟು ಎಕರೆ ಎಂಬುದು ಉತಾರ ತೆಗೆಸಿದರೆ ಗೊತ್ತಾಗುತ್ತದೆ. ಅದರಲ್ಲಿ ಯಾವ ಹುಲ್ಲು ಉಳಿದಿದೆ ಎಂಬುದು ಉತಾರದಲ್ಲಿ ಇರುವುದಿಲ್ಲ. ದೀಪಾವಳಿ ಸುಮಾರಿಗೆ, ಹುಲ್ಲು ತೆನೆ ಬಿಟ್ಟಾಗ, ದನ ಕಾಯ್ದ ಹಿರಿಯರೊಬ್ಬರನ್ನು ಕರಕೊಂಡು ಹೋಗಿ. ನೇಗಿಲು ತಾಗದ ಗುಡಿ ಹಿಂದಿನ ಇಳಿಜಾರು, ಸ್ಮಶಾನದ ಅಂಚು, ಇವನ್ನು ಮೊದಲು ನೋಡಿ.