ತೆಂಕಣ ಗಾಳಿ ಎತ್ತಣದು?

'ತೆಂಕಣ ಗಾಳಿ' ಎಂದರೆ ದಕ್ಷಿಣಕ್ಕೆ ಹೋಗುವ ಗಾಳಿಯೋ, ದಕ್ಷಿಣದಿಂದ ಬರುವ ಗಾಳಿಯೋ? ದಕ್ಷಿಣದಿಂದ ಬರುವುದೇ ಸರಿ. ನದಿಯ ದಿಕ್ಕನ್ನು ಅದು ಹೋಗುವ ಕಡೆಯಿಂದ ಹೇಳುತ್ತೇವೆ: ಕಾಗಿಣಾ ಪಶ್ಚಿಮಕ್ಕೆ ಹರಿದು ಭೀಮೆಯನ್ನು ಸೇರುತ್ತದೆ. ಗಾಳಿಗೆ ಮಾತ್ರ ಅದು ಹೊರಟ ದಿಕ್ಕೇ ಹೆಸರು. ಹವಾಮಾನ ಇಲಾಖೆಯ ನಿಯಮವೂ ಇದೇ. ನೈಋತ್ಯ ಮುಂಗಾರು ನೈಋತ್ಯದಿಂದ ಬರುತ್ತದೆ.

ಸೂರ್ಯ ಮೂಡುವ ಕಡೆ ಮೂಡಣ, ಮುಳುಗುವ ಕಡೆ ಪಡುವಣ; ತೆಂಕು ದಕ್ಷಿಣ, ಬಡಗು ಉತ್ತರ. ಇವುಗಳಿಂದಲೇ ಮೂಡಗಾಳಿ, ಪಡುಗಾಳಿ, ತೆಂಗಾಳಿಗಳು ಹುಟ್ಟಿದವು. ತೆಂಗಾಳಿಯನ್ನು ತಂಗಾಳಿಯೊಂದಿಗೆ ಬೆರೆಸಬಾರದು. ತಂಗಾಳಿ ಎಂದರೆ ತಣ್ಣನೆಯ ಗಾಳಿ. ಅದು ಯಾವ ದಿಕ್ಕಿನಿಂದಲೂ ಬೀಸಬಹುದು.

ಈ ಲೆಕ್ಕ ರೈತನಿಗೆ ಕಣದಲ್ಲೇ ಗೊತ್ತು. ಸೇಡಂ, ಚಿಂಚೋಳಿ, ಚಿತ್ತಾಪುರಗಳ ತೊಗರಿ ರಾಶಿಯಲ್ಲಿ ಮೂಡಗಾಳಿಗೆ ತೂರಿದರೆ ಹೊಟ್ಟು ಪಡುವಣಕ್ಕೆ ಬೀಳುತ್ತದೆ. 'ಗಾಳಿ ಬಂದಾಗ ತೂರಿಕೋ' ಎಂಬ ಗಾದೆ ಹೊತ್ತನ್ನು ಹೇಳುತ್ತದೆ. ಗಾಳಿಯ ಹೆಸರು ದಿಕ್ಕನ್ನು ಹೇಳುತ್ತದೆ.

ಕಾವ್ಯದಲ್ಲಿ ಇದರ ಅತಿ ಪ್ರಸಿದ್ಧ ಬಳಕೆ ಪಂಪನದು. 941ರ 'ವಿಕ್ರಮಾರ್ಜುನ ವಿಜಯ'ದ ಬನವಾಸಿ ವರ್ಣನೆಯಲ್ಲಿ ತೆಂಕಣ ಗಾಳಿ ಸೋಕಿದರೂ ಸಾಕು, ಮನಸ್ಸು ಬನವಾಸಿಯನ್ನು ನೆನೆಯುತ್ತದೆ. ಪಂಪನ ಆಶ್ರಯದಾತ ಅರಿಕೇಸರಿ ವೇಮುಲವಾಡದ ಚಾಲುಕ್ಯ, ರಾಷ್ಟ್ರಕೂಟರ ಸಾಮಂತ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ವೇಮುಲವಾಡದಲ್ಲಿ ನಿಂತವರಿಗೂ ಮಳಖೇಡದಲ್ಲಿ ನಿಂತವರಿಗೂ ಬನವಾಸಿ ತೆಂಕಣ-ಪಡುವಣದ ಕಡೆಗಿದೆ. ತೆಂಕಣ ಗಾಳಿ ಸಂಸ್ಕೃತ ಕವಿಗಳ ಮಲಯಾನಿಲದಂತೆ ವಸಂತದ ಅಲಂಕಾರವೂ ಹೌದು. ಆದರೆ ಉತ್ತರದಲ್ಲಿದ್ದವನಿಗೆ ಅದು ಊರ ಕಡೆಯಿಂದ ಬಂದ ಗಾಳಿ. ಹೋಗುವ ದಿಕ್ಕನ್ನು ಹೇಳುವ ಹೆಸರಾಗಿದ್ದರೆ ಈ ನೆನಪಿಗೆ ಅರ್ಥವೇ ಇರುತ್ತಿರಲಿಲ್ಲ.

ಈ ಪದಗಳು ಹಳೆಯ ಕಾವ್ಯಕ್ಕಷ್ಟೇ ಸೇರಿದವಲ್ಲ. ಇದು ಸುಣ್ಣಕಲ್ಲಿನ ಸೀಮೆ. ಶಹಾಬಾದಿನ ಹಾಸುಗಲ್ಲು ನಾಡಿನಲ್ಲೆಲ್ಲ ಹೆಸರಾಗಿದೆ. ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಮುಂಗಾರಿನಲ್ಲಿ ಇಲ್ಲಿ ಪಡುಗಾಳಿ ಹೆಚ್ಚು, ಚಳಿಗಾಲದಲ್ಲಿ ಮೂಡಗಾಳಿ. ಹೀಗಾಗಿ ಒಂದೇ ಗಣಿಯ, ಒಂದೇ ಚಿಮಣಿಯ ಧೂಳು ಒಂದು ಋತುವಿನಲ್ಲಿ ಮೂಡಣ ಹಳ್ಳಿಯ ಅಂಗಳಕ್ಕೆ, ಇನ್ನೊಂದರಲ್ಲಿ ಪಡುವಣ ಹಳ್ಳಿಯ ಬೆಳೆಗೆ ಬೀಳುತ್ತದೆ. ಒಂದೇ ದಿಕ್ಕಿನಲ್ಲಿ, ಒಂದೇ ಋತುವಿನಲ್ಲಿ ಧೂಳನ್ನು ಅಳೆದರೆ ಅರ್ಧ ಸತ್ಯವಷ್ಟೇ ಸಿಗುತ್ತದೆ.

'ಯಾವ ಗಾಳಿ?' ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಕೊಟ್ಟ ಉತ್ತರದಲ್ಲಿ ಅದು ಎಲ್ಲಿಂದ ಬಂತೆಂಬುದು ಅಡಗಿದೆ. ಮೂಡಗಾಳಿ, ಪಡುಗಾಳಿ ಎಂಬ ಮಾತು ಮರೆತರೆ, ಧೂಳು ಬಂದ ದಾರಿಯನ್ನು ಹೇಳುವ ಸುಲಭದ ಮಾತೂ ಕೈಬಿಟ್ಟಂತೆ.