ರೆಗ್ಯುಲೇಟರ್ (ಇಲನ್ ಪೈಪ್ಸ್)

ರೆಗ್ಯುಲೇಟರ್ ಎಂಬುದು ಐರ್ಲೆಂಡಿನ ಚೀಲವಾದ್ಯವಾದ ಇಲನ್ ಪೈಪ್ಸ್‌ನಲ್ಲಿ ಸ್ವರಮೇಳಗಳನ್ನು (ಕಾರ್ಡ್) ನುಡಿಸಲು ಬಳಸುವ, ಕೀಲಿಗಳುಳ್ಳ ಕೊಳವೆಯಾಗಿದೆ. ಹೆಚ್ಚಿನ ಚೀಲವಾದ್ಯಗಳಲ್ಲಿ ಮಟ್ಟು ಮತ್ತು ಬದಲಾಗದ ಶ್ರುತಿ ಮಾತ್ರ ಕೇಳಿಬರುತ್ತವೆ. ರೆಗ್ಯುಲೇಟರುಗಳ ನೆರವಿನಿಂದ ಇಲನ್ ಪೈಪ್ಸ್ ವಾದಕರು ಮಟ್ಟು, ಶ್ರುತಿ ಹಾಗೂ ಸ್ವರಮೇಳ ಮೂರನ್ನೂ ಏಕಕಾಲದಲ್ಲಿ ನುಡಿಸಬಲ್ಲರು.

ರಚನೆ

ಐರಿಷ್ ಭಾಷೆಯಲ್ಲಿ 'ಇಲನ್' ಪದವು ಮೊಣಕೈಗೆ ಸಂಬಂಧಿಸಿದುದು. ವಾದಕರು ಕುಳಿತು, ಬಲ ಮೊಣಕೈಯಿಂದ ತಿದಿಯನ್ನೊತ್ತಿ ಎಡ ತೋಳಿನ ಕೆಳಗಿನ ಚೀಲಕ್ಕೆ ಗಾಳಿ ತುಂಬುತ್ತಾರೆ, ಬಾಯಿಯಿಂದ ಊದುವುದಿಲ್ಲ. ಮಟ್ಟನ್ನು ನುಡಿಸುವ ಕೊಳವೆಗೆ ಚಾಂಟರ್ ಎಂದೂ, ಶ್ರುತಿ ಕೊಳವೆಗಳಿಗೆ ಡ್ರೋನ್ ಎಂದೂ ಹೆಸರು. ಪೂರ್ಣ ವಾದ್ಯದಲ್ಲಿ ಮೂರು ಡ್ರೋನ್‌ಗಳ ಜೊತೆಗೆ ಟೆನರ್, ಬ್ಯಾರಿಟೋನ್ ಮತ್ತು ಬಾಸ್ ಎಂಬ ಮೂರು ರೆಗ್ಯುಲೇಟರುಗಳಿದ್ದು, ಇವು ತೊಡೆಯ ಮೇಲೆ ಅಡ್ಡಲಾಗಿ ಇರುತ್ತವೆ. ಪ್ರತಿ ರೆಗ್ಯುಲೇಟರಿಗೂ ಪ್ರತ್ಯೇಕ ಜೋಡಿ ರೀಡ್ ಇರುತ್ತದೆ. ಕೊಳವೆಯ ತುದಿ ಮುಚ್ಚಿರುವುದರಿಂದ ಕೀಲಿಯನ್ನು ಒತ್ತಿ ರಂಧ್ರವನ್ನು ತೆರೆಯುವವರೆಗೆ ಅದು ನಾದ ಹೊರಡಿಸುವುದಿಲ್ಲ.

ನುಡಿಸುವ ಕ್ರಮ

ಎರಡೂ ಕೈಗಳ ಬೆರಳುಗಳು ಚಾಂಟರಿನ ಮೇಲಿರುವಾಗ, ಬಲಗೈಯ ಮಣಿಕಟ್ಟು ಅಥವಾ ಅಂಗೈಯ ಹೊರ ಅಂಚಿನಿಂದ ಕೀಲಿಗಳನ್ನು ಒತ್ತಲಾಗುತ್ತದೆ. ಮೂರು ಕೊಳವೆಗಳ ಕೀಲಿಗಳು ಅಕ್ಕಪಕ್ಕದಲ್ಲಿ ಸಾಲಾಗಿರುವುದರಿಂದ ಒಂದೇ ಒತ್ತಿಗೆ ಎರಡು ಅಥವಾ ಮೂರು ಸ್ವರಗಳು ಹೊರಡುತ್ತವೆ. ಉದಾಹರಣೆಗೆ, ಡಿ ಶ್ರುತಿಯ ವಾದ್ಯದಲ್ಲಿ ಬ್ಯಾರಿಟೋನಿನ ಡಿ ಮತ್ತು ಟೆನರಿನ ಎಫ್ ಶಾರ್ಪ್ ಒಟ್ಟಿಗೆ ನುಡಿದಾಗ ಡಿ ಮೇಜರ್ ಸ್ವರಮೇಳದ ಭಾವ ಮೂಡುತ್ತದೆ. ಮಟ್ಟು ಎಡಗೈಯ ಸ್ವರಗಳಲ್ಲಷ್ಟೇ ಸಾಗುವಾಗ ಬಲಗೈ ಬಿಡುವಾಗುತ್ತದೆ. ಆಗ ಬೆರಳುಗಳಿಂದಲೇ ಕೀಲಿಗಳನ್ನು ಬಿಡಿಬಿಡಿಯಾಗಿ ಆಯ್ದು ಒತ್ತಬಹುದು. ಜಿಗ್, ರೀಲ್ ಮೊದಲಾದ ನೃತ್ಯದ ಮಟ್ಟುಗಳಲ್ಲಿ ತಾಳಕ್ಕನುಗುಣವಾಗಿ ಚಿಕ್ಕ ಒತ್ತುಗಳನ್ನೂ, ನಿಧಾನಗತಿಯ ಮಟ್ಟುಗಳಲ್ಲಿ ದೀರ್ಘ ಸ್ವರಮೇಳಗಳನ್ನೂ ಬಳಸುವುದುಂಟು.

ಮಿತಿಗಳು

ಕೀಲಿಗಳ ಸಂಖ್ಯೆ ಸೀಮಿತವಾದ್ದರಿಂದ ಬೇಕೆಂದ ಸ್ವರಮೇಳವೆಲ್ಲ ದೊರೆಯುವುದಿಲ್ಲ. ಡಿ ಮತ್ತು ಜಿ ಆಧಾರಿತ ಮಟ್ಟುಗಳಿಗೆ ಅವು ಹೆಚ್ಚು ಹೊಂದುತ್ತವೆ. ಹವೆಯ ತೇವಾಂಶ ಬದಲಾದಂತೆ ರೀಡುಗಳ ಗುಣವೂ ಬದಲಾಗುವುದರಿಂದ ಎಲ್ಲ ಕೊಳವೆಗಳನ್ನು ಪರಸ್ಪರ ಶ್ರುತಿಗೂಡಿಸುವುದು ಕಷ್ಟಸಾಧ್ಯ. ಈ ಕಾರಣದಿಂದ ಕಲಿಯುವವರು ಸಾಮಾನ್ಯವಾಗಿ ರೆಗ್ಯುಲೇಟರುಗಳಿಲ್ಲದ ಅಭ್ಯಾಸದ ವಾದ್ಯದಿಂದ ಆರಂಭಿಸುತ್ತಾರೆ.

ಇತಿಹಾಸ

18ನೆಯ ಶತಮಾನದ ಕೊನೆಯ ಭಾಗದಲ್ಲಿ ವಾದ್ಯಕ್ಕೆ ಮೊದಲು ಒಂದೇ ರೆಗ್ಯುಲೇಟರ್ ಸೇರಿತು. 19ನೆಯ ಶತಮಾನದಲ್ಲಿ ಮೂರು ರೆಗ್ಯುಲೇಟರುಗಳ ಪೂರ್ಣ ವಾದ್ಯವು ರೂಪುಗೊಂಡಿತು. 20ನೆಯ ಶತಮಾನದ ಮೊದಲ ಭಾಗದಲ್ಲಿ ವಾದಕರ ಸಂಖ್ಯೆ ಬಹಳ ಕುಗ್ಗಿತ್ತು. ಲಿಯೋ ರೌಸಮ್ (1903–1970) ಮತ್ತು ಶೇಮಸ್ ಎನಿಸ್ (1919–1982) ಮೊದಲಾದವರು ಪರಂಪರೆಯನ್ನು ಮುಂದುವರಿಸಿದರು. 1968ರಲ್ಲಿ ನಾ ಪೀಬರೀ ಇಲನ್ ಎಂಬ ವಾದಕರ ಸಂಘವು ಸ್ಥಾಪನೆಯಾಯಿತು. 2017ರಲ್ಲಿ ಯುನೆಸ್ಕೊ ಇಲನ್ ಪೈಪ್ಸ್ ವಾದನವನ್ನು ಮಾನವತೆಯ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.