ಅಂಗಾಂಗ ಕಸಿ ಮತ್ತು ಬಸಿರು: ದೇಹದ ಪ್ರತಿರೋಧದ ಚರಿತ್ರೆ

ಪರರ ಮೂತ್ರಪಿಂಡವನ್ನು ದೇಹಕ್ಕೆ ಜೋಡಿಸಿ ಔಷಧ ಕೊಡದೆ ಬಿಟ್ಟರೆ, ಕೆಲವೇ ದಿನಗಳಲ್ಲಿ ಬಿಳಿ ರಕ್ತಕಣಗಳು ಅದರ ಮೇಲೆ ಬೀಳುತ್ತವೆ. ಹೊಟ್ಟೆಯಲ್ಲಿರುವ ಮಗುವೂ ತಾಯಿಯ ಪಾಲಿಗೆ ಅರ್ಧ ಪರಕೀಯವೇ. ಅದರ ವಂಶವಾಹಿಗಳಲ್ಲಿ ಅರ್ಧ ತಂದೆಯವು. ಆದರೂ ಅದು ಒಂಬತ್ತು ತಿಂಗಳು ಅಲ್ಲೇ ಬೆಳೆಯುತ್ತದೆ. ವೈದ್ಯಗ್ರಂಥಗಳು ಈ ಎರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತವೆ. ಚರಿತ್ರೆಯಲ್ಲಿ ಅವು ಬೇರೆಯಾಗಿರಲಿಲ್ಲ: ಯಾರ ಅಂಗ ಯಾರಿಗೆ ಹೊಂದೀತು ಎಂದು ನೋಡುವ ಪರೀಕ್ಷೆ ಹುಟ್ಟಿದ್ದೇ ಹೆತ್ತ ತಾಯಂದಿರ ರಕ್ತದಿಂದ. ಮೂತ್ರಪಿಂಡ ಕಸಿಗೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾದ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಈ ಚರಿತ್ರೆಯ ಎಳೆಗಳು ಹೆರಿಗೆ ವಾರ್ಡಿನಲ್ಲಿ, ನೆಂಟಸ್ತಿಕೆಯಲ್ಲಿ, ನೇತ್ರದಾನದಲ್ಲಿ ಸಿಗುತ್ತವೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಟ್ಟಗಾಯದ ರೋಗಿಗಳಿಗೆ ಚರ್ಮ ಕಸಿ ಮಾಡುತ್ತಿದ್ದ ಗ್ಲಾಸ್ಗೋದಲ್ಲಿ ಥಾಮಸ್ ಗಿಬ್ಸನ್ ಮತ್ತು ಪೀಟರ್ ಮೆಡವಾರ್ ಒಂದು ಸಂಗತಿಯನ್ನು ಗಮನಿಸಿ 1943ರಲ್ಲಿ ಪ್ರಕಟಿಸಿದರು. ಅದೇ ದಾನಿಯ ಚರ್ಮವನ್ನು ಎರಡನೆಯ ಸಲ ಇಟ್ಟಾಗ ಅದು ಮೊದಲಿಗಿಂತ ಬೇಗ ನಾಶವಾಗಿತ್ತು. ಅಂದರೆ ದೇಹ ಮೊದಲ ಪರಿಚಯವನ್ನು ನೆನಪಿಟ್ಟುಕೊಂಡಿತ್ತು. 1945ರಲ್ಲಿ ಅಮೆರಿಕದ ರೇ ಓವೆನ್, ಗರ್ಭದಲ್ಲಿ ರಕ್ತ ಹಂಚಿಕೊಂಡ ಅವಳಿ ಕರುಗಳು ಬೆಳೆದ ಮೇಲೂ ಒಂದರ ರಕ್ತಕಣಗಳನ್ನು ಇನ್ನೊಂದು ಇಟ್ಟುಕೊಂಡಿರುವುದನ್ನು ತೋರಿಸಿದ. ಹುಟ್ಟುವ ಮುನ್ನ ಪರಿಚಯವಾದದ್ದನ್ನು ದೇಹ ತನ್ನದೆಂದೇ ಎಣಿಸುತ್ತದೆ ಎಂಬ ಈ ಸುಳಿವನ್ನು ಹಿಡಿದು ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್ ಮತ್ತು ಮೆಡವಾರ್ 1953ರಲ್ಲಿ ಇಲಿಗಳಲ್ಲಿ ಸಹಿಷ್ಣುತೆಯನ್ನು ಕೃತಕವಾಗಿ ಉಂಟುಮಾಡಿದರು. 1960ರ ನೊಬೆಲ್ ಪ್ರಶಸ್ತಿಯನ್ನು ಮೆಡವಾರ್, ಆಸ್ಟ್ರೇಲಿಯದ ಬರ್ನೆಟ್ ಜೊತೆ ಹಂಚಿಕೊಂಡ.

ತಾಯಿ ಮಗುವನ್ನು ಏಕೆ ತಿರಸ್ಕರಿಸುವುದಿಲ್ಲ ಎಂಬ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದವನೂ ಮೆಡವಾರನೇ, ಅದೇ 1953ರಲ್ಲಿ. ಇಬ್ಬರ ನಡುವೆ ಮಾಸು ಗೋಡೆಯಾಗಿರಬಹುದು, ಭ್ರೂಣದ ಗುರುತುಗಳು ಇನ್ನೂ ಬಲಿತಿಲ್ಲದಿರಬಹುದು, ಇಲ್ಲವೇ ಬಸಿರಿನಲ್ಲಿ ತಾಯಿಯ ಪ್ರತಿರೋಧವೇ ಮಂಕಾಗಿರಬಹುದು ಎಂದ. ಮೊದಲನೆಯದು ಭಾಗಶಃ ನಿಂತಿತು, ಉಳಿದೆರಡು ಬಿದ್ದುಹೋದವು. ಪ್ರಶ್ನೆ ಮಾತ್ರ ಉತ್ತರಗಳಿಗಿಂತ ಹೆಚ್ಚು ಕಾಲ ಬಾಳಿತು.

ತಾಯಿಯ ಪ್ರತಿರೋಧ ಮಂಕಾಗಿಲ್ಲ ಎಂಬುದಕ್ಕೆ 1958ರಲ್ಲಿ ನೇರ ಸಾಕ್ಷ್ಯ ಸಿಕ್ಕಿತು. ಹಾಲೆಂಡಿನ ಲೈಡನ್‌ನಲ್ಲಿ ಯಾನ್ ವಾನ್ ರೂಡ್, ಕ್ಯಾಲಿಫೋರ್ನಿಯದಲ್ಲಿ ರೋಸ್ ಪೇನ್, ಮಕ್ಕಳನ್ನು ಹೆತ್ತ ಹೆಂಗಸರ ರಕ್ತದಲ್ಲಿ ಬೇರೆಯವರ ಬಿಳಿ ರಕ್ತಕಣಗಳನ್ನು ಹಿಡಿಯುವ ಪ್ರತಿಕಾಯಗಳನ್ನು ಕಂಡರು. ಮಗುವಿನಲ್ಲಿರುವ ತಂದೆಯ ಗುರುತುಗಳ ವಿರುದ್ಧ ತಾಯಿ ತಯಾರಿಸಿಕೊಂಡ ಪ್ರತಿಕಾಯಗಳವು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಜಾನ್ ದೋಸೆ, ರಕ್ತ ಪಡೆದ ರೋಗಿಗಳಲ್ಲಿ ಇಂಥವನ್ನೇ ಗುರುತಿಸಿದ. ಇಂದು ಎಚ್‌ಎಲ್‌ಎ ಎಂದು ಕರೆಯುವ ಅಂಗಾಂಶ ಗುರುತುಗಳ ಪಟ್ಟಿ ಬೆಳೆದದ್ದು ಹೀಗೆ. 1964ರಲ್ಲಿ ಪಾಲ್ ತೆರಸಾಕಿ ಅದನ್ನು ಸಣ್ಣ ಗುಳಿಗಳ ತಟ್ಟೆಗೆ ಇಳಿಸಿದ. ಒಂದೊಂದು ಗುಳಿಯಲ್ಲೂ ಒಬ್ಬೊಬ್ಬ ತಾಯಿಯ ಸೀರಮ್ಮಿನ ಹನಿ. ಅದಕ್ಕೆ ದಾನಿಯ ಬಿಳಿಕಣಗಳನ್ನು ಬಿಡುವುದು, ಮೊಲದ ಸೀರಮ್ ಸೇರಿಸುವುದು, ಆಮೇಲೆ ಬಣ್ಣ. ಪ್ರತಿಕಾಯ ಹಿಡಿದಿದ್ದರೆ ಕಣ ಸತ್ತು ಬಣ್ಣ ಕುಡಿಯುತ್ತದೆ. ವಂಶವಾಹಿಯನ್ನೇ ಓದುವ ವಿಧಾನಗಳು ಬರುವವರೆಗೂ ಜಗತ್ತಿನ ಪ್ರಯೋಗಾಲಯಗಳು ಹೆರಿಗೆ ಆಸ್ಪತ್ರೆಗಳಿಂದ ಬಂದ ಈ ಸೀರಮ್ಮಿನ ಮೇಲೆ ನಡೆದವು. ಸಂಶೋಧಕರಿಗೆ ಹೆಸರು ಬಂತು, ದೋಸೆಗೆ 1980ರಲ್ಲಿ ನೊಬೆಲ್ ಬಂತು. ರಕ್ತ ಕೊಟ್ಟ ತಾಯಂದಿರು ಸೀಸೆಯ ಮೇಲಿನ ಸಂಖ್ಯೆಗಳಾಗಿ ಉಳಿದರು.

ಕಸಿ ಶಸ್ತ್ರಚಿಕಿತ್ಸೆಯ ಕಥೆ ಹೆಚ್ಚು ಪರಿಚಿತ. 1954ರ ಡಿಸೆಂಬರಿನಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ತದ್ರೂಪಿ ಅವಳಿಗಳ ನಡುವೆ ಮೂತ್ರಪಿಂಡ ಕಸಿ ಮಾಡಿದ. ಗುರುತುಗಳು ಒಂದೇ ಆದ್ದರಿಂದ ಪ್ರತಿರೋಧದ ಪ್ರಶ್ನೆಯೇ ಏಳಲಿಲ್ಲ. ಪ್ರತಿರೋಧ ತಗ್ಗಿಸುವ ಔಷಧಗಳಾದ ಅಜಥಯೋಪ್ರಿನ್ 1960ರ ದಶಕದಲ್ಲಿ, 1980ರ ದಶಕದಲ್ಲಿ ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ದೊರೆತ ಸೈಕ್ಲೊಸ್ಪೊರಿನ್ ಬಂದು ಅವಳಿಗಳಲ್ಲದವರಿಗೂ ದಾರಿ ತೆರೆಯಿತು. ಭಾರತದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಜೀವಂತ ದಾನಿಯ ಮೂತ್ರಪಿಂಡ ಕಸಿ ಯಶಸ್ವಿಯಾಯಿತು. 1994ರಲ್ಲಿ ಅಂಗಾಂಗ ಕಸಿ ಕಾಯ್ದೆ ಬಂತು. ಮಿದುಳು ನಿಷ್ಕ್ರಿಯಗೊಂಡವರ ಅಂಗಗಳ ಹಂಚಿಕೆಗೆ ಕರ್ನಾಟಕದಲ್ಲಿ 2007ರಲ್ಲಿ ವಲಯ ಸಮನ್ವಯ ಸಮಿತಿ ರಚನೆಯಾಯಿತು. ಅದರ ಈಗಿನ ಹೆಸರು ಜೀವಸಾರ್ಥಕತೆ.

ಕಿಡ್ನಿ ಫೇಲಾಗಿ ಡಯಾಲಿಸಿಸ್ ಹಿಡಿದ ಮನೆಯಲ್ಲಿ ಮೊದಲು ಮುಂದೆ ಬರುವುದು ಸಾಮಾನ್ಯವಾಗಿ ತಾಯಿ ಅಥವಾ ಹೆಂಡತಿ. ಗಂಡನಿಗೆ ಹೆಂಡತಿ ಮೂತ್ರಪಿಂಡ ಕೊಡುವುದು ಪ್ರತಿರೋಧದ ದೃಷ್ಟಿಯಿಂದ ಅಷ್ಟು ಕಷ್ಟವಲ್ಲ. ತಿರುಗಿಸಿದರೆ ತೊಡಕು. ಮಕ್ಕಳನ್ನು ಹೆತ್ತವಳಿಗೆ ಗಂಡನ ಮೂತ್ರಪಿಂಡ ಹಾಕುವುದೆಂದರೆ, ಅವಳ ದೇಹ ಬಸಿರಿನಲ್ಲೇ ಪರಿಚಯ ಮಾಡಿಕೊಂಡ ಗುರುತುಗಳನ್ನು ಮತ್ತೆ ಅವಳೆದುರು ತಂದಿಟ್ಟಂತೆ. ಮಕ್ಕಳು ಕೊಟ್ಟರೂ ಇದೇ ಸಮಸ್ಯೆ. ಸಿದ್ಧ ಪ್ರತಿಕಾಯಗಳಿದ್ದರೆ ಅಂಗ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಕಪ್ಪಾಗಬಹುದು. ದಾನಿಯ ಕಣಕ್ಕೂ ರೋಗಿಯ ಸೀರಮ್ಮಿಗೂ ಮಾಡುವ ಕ್ರಾಸ್‌ಮ್ಯಾಚ್ ಪರೀಕ್ಷೆ 1969ರಿಂದ ಕಡ್ಡಾಯವಾದದ್ದು ಇದಕ್ಕೇ. ದೇಶದಲ್ಲಿ 1995ರಿಂದ 2021ರವರೆಗೆ ಅಂಗ ಪಡೆದವರಲ್ಲಿ ಐವರಲ್ಲಿ ನಾಲ್ವರು ಗಂಡಸರು. ಅದಕ್ಕೆ ಪ್ರತಿಕಾಯಗಳ ಮೇಲೆ ಪೂರ್ತಿ ತಪ್ಪು ಹೊರಿಸುವಂತಿಲ್ಲ. ಮನೆಯ ಲೆಕ್ಕಾಚಾರದ ಪಾಲೇ ದೊಡ್ಡದು.

ಹಳೇ ಮೈಸೂರು ಸೀಮೆಯಲ್ಲಿ ಇನ್ನೊಂದು ವಿಶೇಷವಿದೆ: ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ಪದ್ಧತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾರಮಾ ದೇವಿ ಹಾಗೂ ಲಂಡನ್ನಿನ ಎ. ಎಚ್. ಬಿಟ್ಲ್ಸ್ 1980ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಕರ್ನಾಟಕದ ಮದುವೆಗಳಲ್ಲಿ ಸುಮಾರು ಮೂರರಲ್ಲಿ ಒಂದು ರಕ್ತಸಂಬಂಧದ್ದು. ಸೋದರಮಾವನನ್ನೇ ಮದುವೆಯಾದವಳಿಗೂ ಅವಳ ಗಂಡನಿಗೂ ಎಚ್‌ಎಲ್‌ಎ ಗುರುತುಗಳ ಒಂದು ಕಂತೆ ಸಮಾನವಾಗಿರುವ ಸಾಧ್ಯತೆ ಎರಡರಲ್ಲಿ ಒಂದು. ಕಾಗದದ ಮೇಲೆ ದಂಪತಿ, ಅಂಗಾಂಶದಲ್ಲಿ ಅರ್ಧ ಬಂಧು. 1980ರ ದಶಕದಲ್ಲಿ ಪಶ್ಚಿಮದ ಕೆಲವರು, ಗಂಡಹೆಂಡಿರ ಗುರುತುಗಳು ತೀರ ಹೋಲಿದರೆ ತಾಯಿಯ ದೇಹ ಬಸಿರನ್ನು ಗುರುತಿಸದೆ ಗರ್ಭಪಾತವಾಗುತ್ತದೆ ಎಂದು ವಾದಿಸಿ, ಗಂಡನ ಬಿಳಿಕಣಗಳನ್ನು ಹೆಂಡತಿಗೆ ಚುಚ್ಚುವ ಚಿಕಿತ್ಸೆ ಹೂಡಿದರು. ತಲೆಮಾರುಗಳಿಂದ ಸೋದರಮಾವಂದಿರನ್ನು ಮದುವೆಯಾಗಿ ಮನೆ ತುಂಬ ಮಕ್ಕಳನ್ನು ಹೆತ್ತ ಈ ಸೀಮೆಯ ಹೆಂಗಸರನ್ನು ಒಮ್ಮೆ ನೋಡಿದ್ದರೆ ಆ ವಾದದ ಮೇಲೆ ಸಂದೇಹ ಮೂಡುತ್ತಿತ್ತು. 1999ರಲ್ಲಿ ಕ್ಯಾರೊಲ್ ಓಬರ್ ತಂಡದ ಪರೀಕ್ಷೆಯಲ್ಲಿ ಚಿಕಿತ್ಸೆಯಿಂದ ಪ್ರಯೋಜನ ಕಾಣಲಿಲ್ಲ. ಆದರೂ ಭಾರತದ ಕೆಲವು ಬಂಜೆತನ ಚಿಕಿತ್ಸಾಲಯಗಳು ಅದನ್ನು ಕೈಬಿಡಲಿಲ್ಲ.

ತಾಯಿಯ ಪ್ರತಿರೋಧ ಮಗುವಿಗೆ ನಿಜವಾಗಿ ಕುತ್ತಾಗುವ ಪರಿಚಿತ ಸಂದರ್ಭ ಆರ್‌ಎಚ್ ರಕ್ತಗುಂಪಿನದು. ಗುಂಡ್ಲುಪೇಟೆಯ ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು ಬರೆಯುವುದು ಇದಕ್ಕೇ. ‘ನೆಗೆಟಿವ್’ ಎಂದು ಬಂದರೆ, ಭಾರತದಲ್ಲಿ ಅಂಥವರು ಸುಮಾರು ನೂರಕ್ಕೆ ಐವರು, ಗಂಡನ ಗುಂಪನ್ನೂ ಕೇಳುತ್ತಾರೆ. ಪಾಸಿಟಿವ್ ಮಗುವಿನ ರಕ್ತ ಹೆರಿಗೆಯಲ್ಲಿ ತಾಯಿಗೆ ಬೆರೆತರೆ ಅವಳಲ್ಲಿ ಪ್ರತಿಕಾಯ ಹುಟ್ಟುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗದು, ಮುಂದಿನದು ಕಾಮಾಲೆ, ರಕ್ತಹೀನತೆಗೆ ತುತ್ತಾಗುತ್ತದೆ, ಕೆಲವೊಮ್ಮೆ ಹೊಟ್ಟೆಯಲ್ಲೇ ಸಾಯುತ್ತದೆ. 1968ರಲ್ಲಿ ಬಳಕೆಗೆ ಬಂದ ಆಂಟಿ-ಡಿ ಚುಚ್ಚುಮದ್ದನ್ನು ಹೆರಿಗೆಯಾದ 72 ಗಂಟೆಯೊಳಗೆ ಕೊಟ್ಟರೆ, ತಾಯಿಯ ದೇಹ ಗುರುತು ಹಿಡಿಯುವ ಮೊದಲೇ ಆ ಕಣಗಳು ತೊಲಗುತ್ತವೆ. ಗರ್ಭಪಾತವಾದಾಗಲೂ ಇದು ಬೇಕೆಂಬುದು ಹಲವರ ಗಮನಕ್ಕೆ ಬರುವುದಿಲ್ಲ.

ಹಾಗಿದ್ದರೆ ಉಳಿದ ಬಸಿರುಗಳು ಹೇಗೆ ನಿಲ್ಲುತ್ತವೆ? ಮಾಸಿನ ಹೊರಪದರದ ಜೀವಕೋಶಗಳು ಸಾಮಾನ್ಯ ಗುರುತುಗಳನ್ನು ಬಹುಪಾಲು ಮರೆಮಾಡಿ, ಎಚ್‌ಎಲ್‌ಎ-ಜಿ ಎಂಬ ಬೇರೆಯೇ ಗುರುತನ್ನು ತೋರಿಸುತ್ತವೆ. ಇದು ತಿಳಿದದ್ದು 1990ರಲ್ಲಿ. ಪ್ರತಿರೋಧವನ್ನು ಹತೋಟಿಯಲ್ಲಿಡುವ ಟಿ ಕಣಗಳ ಪಾತ್ರ 2004ರ ಹೊತ್ತಿಗೆ ಇಲಿಗಳಲ್ಲಿ ಸಾಬೀತಾಯಿತು. ಹೆತ್ತು 27 ವರ್ಷವಾದ ಮೇಲೂ ಮಗನ ಜೀವಕೋಶಗಳು ತಾಯಿಯ ರಕ್ತದಲ್ಲಿ ಇರುವುದನ್ನು ಡಯಾನಾ ಬಿಯಾಂಕಿ 1996ರಲ್ಲಿ ವರದಿ ಮಾಡಿದಳು. ಒಬ್ಬರ ಕಣಗಳು ಇನ್ನೊಬ್ಬರಲ್ಲಿ ಹೀಗೆ ನೆಲೆಯೂರುವುದು ಚಿಕಿತ್ಸೆಯೂ ಆಗಬಲ್ಲದು: ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಂಡುಬರುವ ಕುಡಗೋಲು ಕಣ ರೋಗಕ್ಕೆ ಮೂಳೆಮಜ್ಜೆ ಕಸಿಯೇ ಹಳೆಯ ಖಚಿತ ಪರಿಹಾರ. ಅದಕ್ಕೆ ಗುರುತು ಪೂರ್ತಿ ಹೊಂದುವ ಒಡಹುಟ್ಟು ಬೇಕು. ಒಬ್ಬೊಬ್ಬರಲ್ಲೂ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ಇಲ್ಲಿ ಜಗಳ ತಿರುಗುಮುರುಗು: ಬಂದ ಮಜ್ಜೆಯೇ ರೋಗಿಯ ದೇಹದ ಮೇಲೆ ಎರಗುತ್ತದೆ. ದಾನಿ ಮಕ್ಕಳನ್ನು ಹೆತ್ತ ಹೆಂಗಸಾದರೆ ಆ ಅಪಾಯ ಹೆಚ್ಚು.

ಗರ್ಭದಂತೆ ಕಣ್ಣಿಗೂ ವಿಶೇಷ ಸವಲತ್ತಿದೆ. ಕಾರ್ನಿಯದಲ್ಲಿ ರಕ್ತನಾಳಗಳಿಲ್ಲ, ಸಾಮಾನ್ಯವಾಗಿ ಅಂಗಾಂಶ ಹೊಂದಾಣಿಕೆ ನೋಡದೆಯೇ ಕಸಿ ಮಾಡಬಹುದು. 1905ರಲ್ಲೇ, ಪ್ರತಿರೋಧದ ಅರಿವಿಲ್ಲದ ಕಾಲದಲ್ಲಿ, ಎಡುವಾರ್ಡ್ ತ್ಸಿರ್ಮ್ ಯಶಸ್ವಿಯಾದದ್ದು ಇದರಿಂದ. ಚಾಮರಾಜನಗರಕ್ಕೆ ಹತ್ತಿರದ, ಈಗ ತಮಿಳುನಾಡಿನ ತಾಳವಾಡಿ ಭಾಗಕ್ಕೆ ಸೇರಿದ ಗಾಜನೂರಿನ ಚಿತ್ರನಟ ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ಅವರ ಹೆಸರಿನ ನೇತ್ರಬ್ಯಾಂಕ್ 1994ರಲ್ಲೇ ಆರಂಭವಾಗಿತ್ತು. 2021ರ ಅಕ್ಟೋಬರಿನಲ್ಲಿ ಮಗ ಪುನೀತ್ ತೀರಿಕೊಂಡಾಗ ನಾರಾಯಣ ನೇತ್ರಾಲಯದ ವೈದ್ಯರು ಪ್ರತಿ ಕಾರ್ನಿಯವನ್ನೂ ಮುಂದಿನ ಮತ್ತು ಹಿಂದಿನ ಪದರಗಳಾಗಿ ಬಿಡಿಸಿ ನಾಲ್ವರಿಗೆ ಹಾಕಿದರು. ಜನ ಇದನ್ನು ಹಂಚಿಕೆಯ ಜಾಣತನವೆಂದು ಕೊಂಡಾಡಿದರು. ಪದರ ಕಸಿಯ ಇನ್ನೊಂದು ಲಾಭ, ಪರಕೀಯ ಅಂಗಾಂಶ ಕಡಿಮೆಯಾದಷ್ಟೂ ತಿರಸ್ಕಾರದ ಅಪಾಯ ಕಡಿಮೆ.

ಎರಡು ಚರಿತ್ರೆಗಳೂ ಒಂದೇ ಹೆಣ್ಣಿನಲ್ಲಿ ಕೂಡುವುದುಂಟು. 1956ರಲ್ಲಿ ಅವಳಿ ಸೋದರಿಯ ಮೂತ್ರಪಿಂಡ ಪಡೆದ ಅಮೆರಿಕದ ಹೆಂಗಸೊಬ್ಬಳು 1958ರಲ್ಲಿ ಹೆತ್ತಳು. ಇಂದು ಕಸಿಯಾದವರಿಗೆ ಬಸಿರಾಗುವ ಮುನ್ನ ಕನಿಷ್ಠ ಒಂದು ವರ್ಷ ಕಾಯಲು ಹೇಳುತ್ತಾರೆ. ಮಗುವಿನ ಅಂಗವಿಕಲತೆಗೆ ಕಾರಣವಾಗುವ ಮೈಕೊಫೆನೊಲೇಟ್ ಮಾತ್ರೆಯನ್ನು ಬಸಿರಾಗುವ ಕನಿಷ್ಠ ಆರು ವಾರ ಮೊದಲೇ ನಿಲ್ಲಿಸಿ ಅಜಥಯೋಪ್ರಿನ್‌ಗೆ ಬದಲಾಯಿಸುತ್ತಾರೆ. 2017ರ ಮೇನಲ್ಲಿ ಪುಣೆಯಲ್ಲಿ ತಾಯಿಯೊಬ್ಬಳ ಗರ್ಭಕೋಶವನ್ನೇ ಮಗಳಿಗೆ ಕಸಿ ಮಾಡಿದರು. 2018ರ ಅಕ್ಟೋಬರಿನಲ್ಲಿ ಅದರಲ್ಲಿ ಬೆಳೆದ ಮಗು ಹುಟ್ಟಿತು. ಇಂಥ ಗರ್ಭಕೋಶವನ್ನು ಒಂದೆರಡು ಹೆರಿಗೆಯಾದ ಮೇಲೆ ತೆಗೆದುಬಿಡುವುದು ರೂಢಿ. ಪ್ರತಿರೋಧ ತಗ್ಗಿಸುವ ಔಷಧಗಳನ್ನು ಆಗ ನಿಲ್ಲಿಸಬಹುದು.